ಬೆಳಗ್ಗಿನ ಮೊದಲ ಸ್ಟಾರ್ಟಿಗೆ ಮಾತ್ರ ಸತಾಯಿಸುವ ಹಳೆ ಎಂಪಿಎಫ್‌ಐ ಕಾರು

ಪ್ರಶ್ನೆ: ನನ್ನದು 2006ರ ಮಾಡೆಲ್, ಮೂರು ಸಿಲಿಂಡರಿನ, ಪ್ರತಿ ಸಿಲಿಂಡರಿಗೂ ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಪೆಟ್ರೋಲ್ ಕಾರು. ಬೆಳಿಗ್ಗೆ ಎಂಟು ಹತ್ತು ಸೆಕೆಂಡ್ ಸೆಲ್ಫ್ ಹೊಡೆದ ಮೇಲೆಯೇ ಸ್ಟಾರ್ಟ್ ಆಗುವುದು. ಮತ್ತೆ ಇಡೀ ದಿನ ಏನೂ ತೊಂದರೆ ಇಲ್ಲ. ಬ್ಯಾಟರಿ, ಪ್ಲಗ್ ಎರಡೂ ಹೊಸತು ಹಾಕಿಸಿ ಆಯಿತು. ಗ್ಯಾರೇಜಿಗೆ ಕೊಂಡುಹೋದರೆ ಅರ್ಧ ಸೆಲ್ಫಿಗೇ ಹಿಡಿಯುತ್ತದೆ. ಪೆಟ್ರೋಲ್ ಪಂಪ್ ಬದಲಾಯಿಸಿ ನೋಡುವ ಎನ್ನುತ್ತಾರೆ. ಬದಲಾಯಿಸಬಹುದಾ?
– ಬದಿಯಡ್ಕದ ಓದುಗರು

ಉತ್ತರ: ಈಗಲೇ ಬೇಡ. ಕೊನೆಗೆ ಪಂಪಿನದೇ ತಪ್ಪೆಂದು ಗೊತ್ತಾಗಬಹುದು. ಆದರೆ ಇದೇ ಲಕ್ಷಣ ತೋರಿಸುವ ಬೇರೆ ಭಾಗಗಳೂ ಇವೆ, ಅವುಗಳಲ್ಲಿ ಕೆಲವು ಪಂಪಿಗಿಂತ ತುಂಬಾ ಅಗ್ಗ. ಬದಿಯಡ್ಕದಿಂದ ಕುಂಬಳೆಯ ಗ್ಯಾರೇಜ್ ಮುಟ್ಟುವಷ್ಟರಲ್ಲಿ ಎಂಜಿನ್ ಬಿಸಿಯಾಗಿ, ಪೆಟ್ರೋಲ್ ಲೈನಿನಲ್ಲಿ ಪ್ರೆಶರ್ ತುಂಬಿರುತ್ತದೆ. ಆಮೇಲೆ ಎಷ್ಟು ಒಳ್ಳೆಯ ಮೆಕ್ಯಾನಿಕ್ ನೋಡಿದರೂ ದೋಷ ಕಾಣುವುದಿಲ್ಲ. ಪರೀಕ್ಷೆ ನಡೆಯಬೇಕಾದ್ದು ರಾತ್ರಿಯಿಡೀ ನಿಂತ ಕಾರಿನಲ್ಲಿ, ನಿಮ್ಮ ಅಂಗಳದಲ್ಲೇ. ಆಗದಿದ್ದರೆ ಹಿಂದಿನ ಸಂಜೆಯೇ ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ.

ಚಳಿಯ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ನಮ್ಮ ಕಾಸರಗೋಡು ಕಡೆ ಡಿಸೆಂಬರಿನ ಬೆಳಿಗ್ಗೆಯೂ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಷ್ಟಕ್ಕೆ ಸರಿಯಿರುವ ಎಂಜಿನ್ ಒಂದೆರಡು ಸೆಕೆಂಡಿನಲ್ಲಿ ಹಿಡಿಯಬೇಕು.

ತಣ್ಣಗಿನ ಸ್ಟಾರ್ಟ್ ದಿನಕ್ಕೆ ಸಿಗುವುದು ಒಂದೇ. ಆದ್ದರಿಂದ ದಿನಕ್ಕೊಂದೇ ಪರೀಕ್ಷೆ ಮಾಡಿ. ಮೊದಲ ದಿನ ಸೆಲ್ಫ್ ಹೊಡೆಯದೆ ಕೀ ಆನ್ ಮಾಡಿ ಕಿವಿಗೊಡಿ. ಹಿಂದಿನ ಸೀಟಿನ ಕಡೆಯಿಂದ ಪಂಪಿನ ಗುಂಯ್ ಎನ್ನುವ ಸದ್ದು ಎರಡು ಮೂರು ಸೆಕೆಂಡ್ ಕೇಳಿ ನಿಲ್ಲಬೇಕು. ಆಫ್ ಮಾಡಿ ಪುನಃ ಆನ್, ಹೀಗೆ ಮೂರು ಸಲ. ಬಳಿಕ ಸೆಲ್ಫ್. ತಕ್ಷಣ ಹಿಡಿದರೆ ರಾತ್ರಿ ಲೈನಿನ ಪ್ರೆಶರ್ ಇಳಿದು ಹೋಗುತ್ತಿದೆ ಎಂದರ್ಥ. ಎರಡನೇ ದಿನ ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಆಗ ಹಿಡಿದರೆ ಕೊರತೆ ಗಾಳಿಯದ್ದು: ಎಂಜಿನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ, ಐಡಲ್ ಏರ್ ವಾಲ್ವಿನಲ್ಲಿ ಕಾರ್ಬನ್ ಕಟ್ಟಿದೆ, ಬಿಚ್ಚಿ ಕ್ಲೀನರ್ ಹಾಕಿ ತೊಳೆಸಿ. ಮೂರನೇ ದಿನ ಆಕ್ಸಿಲರೇಟರನ್ನು ಪೂರ್ತಿ ನೆಲಕ್ಕೆ ಒತ್ತಿ ಸೆಲ್ಫ್ ಹೊಡೆಯಿರಿ. ಹೆಚ್ಚಿನ ಇಸಿಯುಗಳು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಆಗ ಪೆಟ್ರೋಲ್ ಕೊಡುವುದನ್ನು ನಿಲ್ಲಿಸುತ್ತವೆ. ಹಾಗೆ ಹಿಡಿದು ಸೈಲೆನ್ಸರಿನಿಂದ ಕಪ್ಪು ಹೊಗೆ, ಹಸಿ ಪೆಟ್ರೋಲ್ ವಾಸನೆ ಬಂದರೆ ಒಳಗೆ ಪೆಟ್ರೋಲ್ ಹೆಚ್ಚಾಗಿದೆ, ಇಂಜೆಕ್ಟರ್ ಜಿನುಗುತ್ತಿರಬಹುದು. ಯಾವ ಪರೀಕ್ಷೆಯಲ್ಲೂ ಒಂದೇ ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಬೇಡ, ನಡುವೆ ಅರ್ಧ ನಿಮಿಷ ಬಿಡಿ.

ನೀವು ಬರೆದದ್ದನ್ನು ನೋಡಿದರೆ ಮೊದಲ ಪರೀಕ್ಷೆಯಲ್ಲೇ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಸಿಕ್ಕಿತು ಅಂತ ಪಂಪ್ ತರಬೇಡಿ, ಪ್ರೆಶರ್ ಎಲ್ಲಿಂದ ಇಳಿಯುತ್ತಿದೆ ಎಂದು ಗೇಜ್ ಹಾಕಿಸಿ ನೋಡಿ. ಲೈನ್ ಬಿಚ್ಚುವ ಮೊದಲು ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ಬಂದ್ ಆಗುವವರೆಗೆ ಓಡಿಸಬೇಕು. ಹಾಗೆ ಮಾಡದೆ ಬಿಚ್ಚಿದರೆ ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತದೆ. ಆ ಕಾಲದ ಕಾರುಗಳಲ್ಲಿ ಪ್ರೆಶರ್ ಸಾಮಾನ್ಯವಾಗಿ 2.5ರಿಂದ 3 ಬಾರ್ ಇರುತ್ತದೆ, ನಿಮ್ಮ ಮಾಡೆಲಿನ ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುಯಲಿನಲ್ಲಿ ಸಿಗುತ್ತದೆ. ಎಂಜಿನ್ ಆಫ್ ಮಾಡಿದ ಮೇಲೆ ನಿಧಾನಕ್ಕೆ ಸ್ವಲ್ಪ ಇಳಿಯುವುದು ಸಹಜ. ಕೆಲವೇ ನಿಮಿಷದಲ್ಲಿ ಮುಳ್ಳು ಸೊನ್ನೆಗೆ ಬಂದರೆ ದೋಷ ಅಲ್ಲೇ ಉಂಟು.

ಈಗ ಪುನಃ ಪ್ರೆಶರ್ ಏರಿಸಿ, ಪಂಪಿನಿಂದ ಬರುವ ಲೈನಿನ ರಬ್ಬರ್ ಭಾಗವನ್ನು ಕ್ಲಾಂಪಿನಿಂದ ಒತ್ತಿ ಹಿಡಿಸಿ. ಪ್ಲಾಸ್ಟಿಕ್ ಪೈಪನ್ನು ಮುಟ್ಟಬೇಡಿ, ಒಡೆಯುತ್ತದೆ. ಮುಳ್ಳು ನಿಂತರೆ ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ, ಪಂಪಿನೊಳಗಿನ ಚೆಕ್ ವಾಲ್ವ್ ಹೋಗಿದೆ. ಅದು ಬಿಡಿಯಾಗಿ ಸಿಗುವುದು ಅಪರೂಪ, ಆಗ ಪಂಪ್ ಬದಲಾಯಿಸುವುದೇ ಸರಿ. ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪ್ ಇರುವ ಕಾರಾದರೆ ಅದನ್ನು ಒತ್ತಿದಾಗ ನಿಲ್ಲುವುದೋ ನೋಡಿ, ನಿಂತರೆ ಪ್ರೆಶರನ್ನು ಹದದಲ್ಲಿಡುವ ರೆಗ್ಯುಲೇಟರಿನ ದೋಷ. ರೆಗ್ಯುಲೇಟರಿನ ಸಪೂರ ವ್ಯಾಕ್ಯೂಮ್ ಹೋಸನ್ನು ಎಳೆದು ನೋಡಿದಾಗ ಒಳಗೆ ಪೆಟ್ರೋಲ್ ಹಸಿ ಕಂಡರಂತೂ ಅದರೊಳಗಿನ ಡಯಾಫ್ರಮ್ (ತೆಳು ಪೊರೆ) ಹರಿದಿರುವುದು ಖಚಿತ. ಎರಡೂ ಕಡೆ ಒತ್ತಿದರೂ ಇಳಿಯುತ್ತಿದ್ದರೆ ಇಂಜೆಕ್ಟರ್. ಲೈನ್ ಬಿಚ್ಚಿದ ದಿನವೇ ಎಲ್ಲ ರಬ್ಬರ್ ಹೋಸುಗಳನ್ನೂ ಬೆರಳಲ್ಲಿ ಹಿಸುಕಿ ನೋಡಿಸಿ. ಈಗ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಇರುತ್ತದೆ. 2006ರ ರಬ್ಬರನ್ನು ಅದಕ್ಕೆಂದು ಮಾಡಿದ್ದಲ್ಲ. ಉಬ್ಬಿದ್ದು, ಮೆತ್ತಗಾದದ್ದು, ಬಿರಿದದ್ದು ಯಾವುದಿದ್ದರೂ ಇಡಬಾರದು.

ಮೂರು ದಿನದ ಪರೀಕ್ಷೆಯಲ್ಲೂ ವ್ಯತ್ಯಾಸ ಕಾಣದಿದ್ದರೆ ಕೂಲಂಟ್ ಟೆಂಪರೇಚರ್ ಸೆನ್ಸರ್ ನೋಡಿ. ಬೆಳಿಗ್ಗೆ ಎಷ್ಟು ಪೆಟ್ರೋಲ್ ಹೆಚ್ಚು ಕೊಡಬೇಕೆಂದು ಇಸಿಯು ತೀರ್ಮಾನಿಸುವುದು ಮುಖ್ಯವಾಗಿ ಇದರ ಮಾತು ಕೇಳಿ. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ, ಈ ತರಹದ ಹೆಚ್ಚಿನ ಸೆನ್ಸರುಗಳಲ್ಲಿ ತಣ್ಣಗಿರುವಾಗ ಸುಮಾರು 2ರಿಂದ 2.5 ಕಿಲೋ ಓಮ್, 80 ಡಿಗ್ರಿಗೆ ಏರಿದಾಗ ಸುಮಾರು 300 ಓಮ್ ತೋರಿಸುತ್ತದೆ. ತಣ್ಣಗಿದ್ದೂ 300ರ ಹತ್ತಿರವೇ ತೋರಿಸಿದರೆ ಎಂಜಿನ್ ಬಿಸಿಯಿದೆ ಎಂದು ಇಸಿಯು ನಂಬಿ ಪೆಟ್ರೋಲ್ ಕಡಿಮೆ ಕೊಡುತ್ತದೆ. ಸೆಲ್ಫ್ ಎಷ್ಟು ಹೊಡೆದರೂ ಆಗ ಹಿಡಿಯುವುದು ಕಷ್ಟ. ಸೆನ್ಸರ್ ಬದಲಾಯಿಸಲು ಹೆಚ್ಚು ಹೊತ್ತು ಬೇಡ, ಆದರೆ ಬಿಸಿ ಎಂಜಿನಿನಲ್ಲಿ ಬಿಚ್ಚಿದರೆ ಕುದಿಯುವ ಕೂಲಂಟ್ ಕೈಮೇಲೆ ಬೀಳುತ್ತದೆ.

ಬ್ಯಾಟರಿ ಹೊಸತಾದರೂ ಅರ್ತ್ ವೈರ್ ಹಳೆಯದೇ ಇರಬಹುದು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯಲ್ಲಿ 9.6 ವೋಲ್ಟಿಗಿಂತ ಕೆಳಗಿಳಿಯಬಾರದು, ಬ್ಯಾಟರಿ ನೆಗೆಟಿವ್ ಮತ್ತು ಎಂಜಿನ್ ಬ್ಲಾಕ್ ನಡುವೆ 0.3 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಹೆಚ್ಚಿದ್ದರೆ ವೈರಿನ ಎರಡೂ ತುದಿಯನ್ನು ಉಜ್ಜಿ ಬಿಗಿ ಮಾಡಿಸಿ.

ಪ್ರಶ್ನೆ: ನಮ್ಮ ಹಳೆ ಎಂಪಿಎಫ್‌ಐ ಕಾರು ಮಳೆಗಾಲದ ಬೆಳಿಗ್ಗೆ ಮಾತ್ರ ಎಳೆದಾಡುತ್ತದೆ. ಸ್ಟಾರ್ಟ್ ಆದರೂ ಸ್ವಲ್ಪ ಹೊತ್ತು ಮಿಸ್ಸಿಂಗ್.
– ಮಂಜೇಶ್ವರದ ಓದುಗರು

ಉತ್ತರ: ಪೆಟ್ರೋಲ್ ಕಡೆ ನೋಡುವ ಅಗತ್ಯ ಬಹುಶಃ ಇಲ್ಲ, ಕರೆಂಟ್ ಸೋರುತ್ತಿದೆ. ಕತ್ತಲಾದ ಮೇಲೆ ಬಾನೆಟ್ ತೆರೆದು, ಎಂಜಿನ್ ಓಡುತ್ತಿರುವಾಗ ಪ್ಲಗ್ಗಿಗೆ ಕರೆಂಟ್ ಒಯ್ಯುವ ಎಚ್‌ಟಿ ವೈರುಗಳ ಮೇಲೆ ಸ್ಪ್ರೇ ಬಾಟಲಿಯಿಂದ ತೆಳ್ಳಗೆ ನೀರು ಸಿಂಪಡಿಸಿ. ಕೈಯಿಂದ ವೈರ್ ಮುಟ್ಟಬೇಡಿ. ನೀಲಿ ಕಿಡಿ ಎಲ್ಲಿ ಹಾರುತ್ತದೋ ಅಲ್ಲೇ ಇನ್ಸುಲೇಷನ್ ಬಿರಿದಿದೆ. ಕಡಲ ಬದಿಯ ಉಪ್ಪುಗಾಳಿಯ ಪಸೆ ವೈರು, ಕಾಯಿಲಿನ ಮೇಲೆ ಕೂತಿದ್ದರೆ ತೇವ ತಾಗಿದಾಗ ಸೋರಿಕೆ ಇನ್ನೂ ಹೆಚ್ಚು. ಒಂದೇ ವೈರ್ ಹೋಗಿದ್ದರೂ ಇಡೀ ಸೆಟ್ಟು ಬದಲಾಯಿಸಿ, ಉಳಿದವುಗಳಿಗೂ ಅಷ್ಟೇ ವಯಸ್ಸಾಗಿದೆ. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಉದ್ದಕ್ಕೆ ಕಪ್ಪು ಗೆರೆ ಕಂಡರೆ ಪ್ಲಗ್ಗನ್ನೂ ಜೊತೆಗೇ ಹೊಸತು ಹಾಕಿಸಿ, ಇಲ್ಲದಿದ್ದರೆ ಆ ಗೆರೆಯ ಇಂಗಾಲ ಹೊಸ ವೈರಿನ ಬೂಟಿಗೂ ಅಂಟುತ್ತದೆ.