ಡಾಕ್ಟ್ರೇ, ತರಬೇತಿಯನ್ನು ಚೀಟಿ ಬರೆಯುವ ಕಿಟಕಿಯಿಂದಲೇ ಶುರು ಮಾಡಿ

ಡಾಕ್ಟ್ರೇ, ಮಲ್ಲಿಗೆ ಗಿಡದ ಫೋಟೊ ಕೆಳಗೆ ನೀವು ಕೇಳಿದ್ದಕ್ಕೆ ಈಗ ಕೂತು ಬರೆಯುತ್ತಿದ್ದೇನೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಚಿಕಿತ್ಸೆ ಮತ್ತು ಎಚ್‌ಐವಿ ಬಗ್ಗೆ ಒಂದು ದಿನದ ತರಬೇತಿ ಇದೆ, ಏನು ಹೇಳಿಕೊಡಲಿ ಅಂದಿದ್ದಿರಿ. ಕೈತೋಟದ ಗುಂಪಿನಲ್ಲಿ ಇದೇಕೆ ಅಂತ ಒಬ್ಬರು ಕೇಳಿದ್ದಾರೆ. ಇಲ್ಲಿ ನರ್ಸುಗಳಿದ್ದಾರೆ, ಮೆಡಿಕಲ್ ಶಾಪಿನವರಿದ್ದಾರೆ, ಅಂಥ ಮಕ್ಕಳ ತಾಯಂದಿರೂ ಇದ್ದಾರೆ. ಇಲ್ಲೇ ಇರಲಿ. ನಾನು ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿ ಇರುವವರಿಗೆ ಮಾತ್ರೆ ಕೊಡುವ ಕಡೆ, ಹದಿನಾಲ್ಕು ವರ್ಷ ಆಪ್ತಸಮಾಲೋಚಕಿಯಾಗಿದ್ದವಳು.

ಮೊದಲನೆಯದು, ಡಾಕ್ಟರು ನರ್ಸುಗಳನ್ನು ಮಾತ್ರ ಕೂರಿಸಬೇಡಿ. ಓಪಿಡಿ ಚೀಟಿ ಬರೆಯುವವರು, ಗ್ರೂಪ್ ಡಿಯವರು, ಗೇಟಿನ ಸೆಕ್ಯುರಿಟಿ, ಲ್ಯಾಬಿನವರು ಎಲ್ಲರೂ ಬೇಕು. ನಾನಿದ್ದ ಒಂದು ಕಡೆ, ಸೀರೆ ಉಟ್ಟು ಬಂದಿದ್ದ ಹುಡುಗಿಯನ್ನು ಆಧಾರ್‌ನಲ್ಲಿದ್ದ ಗಂಡು ಹೆಸರು ಹಿಡಿದು ಮೂರು ಸಲ ಕೂಗಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎದ್ದು ಹೋದವಳು ಮತ್ತೆ ಬಂದದ್ದು ಎಂಟು ತಿಂಗಳ ಮೇಲೆ, ಟಿಬಿ ಹತ್ತಿಸಿಕೊಂಡು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಹೆಸರಿನ ಬದಲು ಟೋಕನ್ ನಂಬರ್ ಕೂಗಿದ್ದರೆ ಸಾಕಿತ್ತು. ಹೇಗೆ ಕರೆಯಬೇಕು ಅನ್ನುವುದನ್ನು ಅವರನ್ನೇ ಕೇಳಲಿ. ಮಂಗಳಮುಖಿ ಅಂದರೆ ಒಬ್ಬರಿಗೆ ಒಪ್ಪಿಗೆ, ಇನ್ನೊಬ್ಬರಿಗೆ ಅಲ್ಲ. ಜೋಗತಿಯರಿಗೆ ಅವರದೇ ಹೆಸರಿದೆ.

ಎರಡನೆಯದು, ಮೈ ಹೆಣ್ಣಿನಂತಾಗಲು ನುಂಗುವ ಹಾರ್ಮೋನಿನ ಪಾಠ ಬೆಳಿಗ್ಗೆ, ಎಚ್‌ಐವಿ ಪಾಠ ಮಧ್ಯಾಹ್ನ ಅಂತ ಬೇರೆ ಮಾಡಬೇಡಿ. ಒಬ್ಬಳೇ ಹೆಂಗಸು ಎರಡನ್ನೂ ನುಂಗುತ್ತಿರುತ್ತಾಳೆ. ಎರಡೂ ಒಟ್ಟಿಗೆ ಆಗಿಬರುವುದಿಲ್ಲ ಅಂತ ಯಾರೋ ಹೆದರಿಸಿದರೆ ಅವಳು ಬಿಡುವುದು ಎಚ್‌ಐವಿ ಮಾತ್ರೆಯನ್ನು, ಹಾರ್ಮೋನನ್ನಲ್ಲ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಈಗ ಕೇಂದ್ರಗಳಲ್ಲಿ ಹೆಚ್ಚಾಗಿ ಕೊಡುವ ಎಚ್‌ಐವಿ ಮಾತ್ರೆ ಟಿಎಲ್‌ಡಿ (ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್) ಹೆಣ್ಣು ಹಾರ್ಮೋನಾದ ಈಸ್ಟ್ರೊಜೆನ್ ಜೊತೆ ತಕರಾರು ಮಾಡುವುದಿಲ್ಲ. ಹಳೆಯ ಎಚ್‌ಐವಿ ಮಾತ್ರೆ ಎಫಾವಿರೆಂಜ್ ಈಸ್ಟ್ರೊಜೆನ್ ಮಟ್ಟ ಇಳಿಸಬಲ್ಲದು. ಟಿಬಿಗೆ ಕೊಡುವ ರಿಫಾಂಪಿಸಿನ್ ಇನ್ನೂ ಹೆಚ್ಚು ಇಳಿಸುತ್ತದೆ. ಅದರ ಜೊತೆ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ದಿನಕ್ಕೆ ಎರಡು ಸಲ ಬೇಕು. ಆ ತಿಂಗಳುಗಳಲ್ಲಿ ಮೈಯಲ್ಲಿ ಬದಲಾವಣೆ ಕಂಡರೆ ಏಕೆ ಅಂತ ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ ಟಿಬಿ ಮಾತ್ರೆಯೂ ನಿಲ್ಲುತ್ತದೆ.

ಏನು ತಗೊಳ್ತಿದ್ದೀಯಮ್ಮ ಅಂತ ಗದರಿಸದೆ ಕೇಳುವುದನ್ನು ಅಭ್ಯಾಸ ಮಾಡಿಸಿ. ಬಹಳ ಜನ ಚೀಟಿ ಇಲ್ಲದೆ ಗರ್ಭನಿರೋಧಕ ಮಾತ್ರೆ ತಂದು ದಿನಕ್ಕೆ ಎರಡು ಮೂರು ನುಂಗುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಎಥಿನೈಲ್ ಎಸ್ಟ್ರಡಿಯೋಲ್ ಅನ್ನುವ ಈಸ್ಟ್ರೊಜೆನ್. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಅದಕ್ಕೆ ಹೆಚ್ಚು, ಬೀಡಿ ಸಿಗರೇಟು ಸೇರಿದರೆ ಇನ್ನೂ ಹೆಚ್ಚು. ನಿಲ್ಲಿಸು ಅಂದರೆ ನಿಲ್ಲಿಸುವುದಿಲ್ಲ. ಬದಲಿಗೆ ಎಸ್ಟ್ರಡಿಯೋಲ್ ವ್ಯಾಲರೇಟ್‌ನಂಥದ್ದನ್ನು ಬರೆದುಕೊಡುವವರು ಯಾರು ಅಂತ ತೋರಿಸಬೇಕು. ಗಂಡು ಹಾರ್ಮೋನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ತಗೊಳ್ಳುತ್ತಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ನೋಡಿ. ಡೊಲುಟೆಗ್ರಾವಿರ್‌ನಿಂದ ರಕ್ತಪರೀಕ್ಷೆಯಲ್ಲಿ ಕಿಡ್ನಿಗಾಗಿ ನೋಡುವ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ, ಅದೊಂದರಿಂದಲೇ ಕಿಡ್ನಿ ಹಾಳಾಯಿತು ಅನ್ನಬೇಡಿ. ಆಂಟಾಸಿಡ್ ತಗೊಳ್ಳುವವರು ಡೊಲುಟೆಗ್ರಾವಿರನ್ನು ಅದಕ್ಕೆ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ನುಂಗಲಿ.

ಪುಸ್ತಕದಲ್ಲಿ ಓದದ ಸಂಗತಿಯೊಂದಿದೆ, ನಿರ್ವಾಣ, ಅಂದರೆ ಸಮುದಾಯದ ಪದ್ಧತಿಯಂತೆ ಗಂಡಿನ ಜನನಾಂಗ ತೆಗೆಸಿಕೊಳ್ಳುವುದು. ಅದಾದ ಮೇಲೆ ಮೂತ್ರದ ದ್ವಾರ ಕಿರಿದಾಗಿ ವರ್ಷಗಟ್ಟಲೆ ನರಳುವವರಿದ್ದಾರೆ, ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ವೃಷಣ ತೆಗೆದ ಮೇಲೆ ಹಾರ್ಮೋನೂ ಇಲ್ಲದಿದ್ದರೆ ಮೂಳೆ ಸವೆಯುತ್ತದೆ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವ ಟ್ರಾನ್ಸ್ ಗಂಡಸರನ್ನಂತೂ ಮರೆತೇಬಿಡುತ್ತೇವೆ. ಗರ್ಭಕಂಠ ಇದ್ದರೆ ಅದರ ಪರೀಕ್ಷೆ ಬೇಕು, ಗರ್ಭಕೋಶ ಇರುವವರೆಗೆ ಗಂಡು ಹಾರ್ಮೋನು ಟೆಸ್ಟೊಸ್ಟಿರೋನ್‌ನ ಸೂಜಿಯನ್ನೇ ಗರ್ಭನಿರೋಧಕ ಅಂತ ನಂಬುವಂತಿಲ್ಲ.

ನರ್ಸುಗಳ ಭಯಕ್ಕೆ ಬೈಗುಳ ಮದ್ದಲ್ಲ, ಲೆಕ್ಕ ಕೊಡಿ. ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಂಭವ ಸಾವಿರಕ್ಕೆ ಸುಮಾರು 3. ಸೋಂಕು ತಗಲದಂತೆ ಆಮೇಲೆ ಕೊಡುವ ಮಾತ್ರೆ, ಪಿಇಪಿ, ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ನುಂಗಬೇಕು. ಆ ಮಾತ್ರೆ ರಾತ್ರಿ ಪಾಳಿಯಲ್ಲಿ ಯಾವ ಬೀರುವಿನಲ್ಲಿದೆ, ಕೀಲಿ ಯಾರ ಹತ್ತಿರ ಅಂತ ಅವತ್ತೇ ತೋರಿಸಿಬಿಡಿ. ಮಾತ್ರೆ ಸರಿಯಾಗಿ ನುಂಗಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕವಾಗಿ ಸೋಂಕು ಹರಡುವುದಿಲ್ಲ ಅನ್ನುವುದನ್ನೂ ಹೇಳಿ. ಕೇಸ್ ಶೀಟಿನ ಮೇಲೆ, ಮಂಚದ ಮೇಲೆ ಕೆಂಪು ಗುರುತು ಹಾಕುವುದು ನಿಲ್ಲಬೇಕು. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡಬಾರದು, ಗುಟ್ಟು ಬಿಡಬಾರದು ಅನ್ನುವುದು 2017ರ ಎಚ್‌ಐವಿ ಕಾಯ್ದೆಯಲ್ಲೇ ಇದೆ.

ಕಾಲೇಜಿನಲ್ಲಿ ಕಲಿತುಬಂದಿರುತ್ತಾರೆ ಅಂದುಕೊಳ್ಳಬೇಡಿ. 2019ರಲ್ಲಿ ಸಂಸತ್ತು ಒಪ್ಪಿದ, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ ಕಾಯ್ದೆಯ 15ನೇ ಕಲಮಿನಲ್ಲಿ ವೈದ್ಯಕೀಯ ಪಠ್ಯ ಪರಿಶೀಲಿಸಬೇಕು ಅಂತಿತ್ತು. ಆದರೂ 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಸಲಿಂಗ ಸಂಬಂಧವನ್ನು ಮತ್ತೆ ಅಸಹಜ ಲೈಂಗಿಕ ಅಪರಾಧಗಳ ಪಟ್ಟಿಗೆ ಸೇರಿಸಿ ಪಠ್ಯಕ್ರಮ ಹೊರಡಿಸಿ, ವಿರೋಧ ಬಂದಮೇಲೆ ಕೆಲವೇ ದಿನಗಳಲ್ಲಿ ಹಿಂಪಡೆಯಿತು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಪಾಠ ಹೇಳುವವರು ಯಾರು ಅನ್ನುವುದು. ಹೈದರಾಬಾದಿನಲ್ಲಿ 2021ರ ಜನವರಿಯಲ್ಲಿ ಶುರುವಾದ ಮಿತ್ರ್ ಕ್ಲಿನಿಕ್ ಅನ್ನು ಟ್ರಾನ್ಸ್ ಸಮುದಾಯದವರೇ ನಡೆಸುತ್ತಿದ್ದರು. ಹಾರ್ಮೋನು, ಎಚ್‌ಐವಿ, ಸಮಾಲೋಚನೆ ಎಲ್ಲ ಒಂದೇ ಸೂರಿನಡಿ ಇತ್ತು. 2025ರ ಜನವರಿಯಲ್ಲಿ ಅಮೆರಿಕದ ನೆರವು ನಿಂತು ಅದು ಬಾಗಿಲು ಹಾಕಿತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ನಿಮ್ಮದು ಸರ್ಕಾರಿ ಆಸ್ಪತ್ರೆ, ನಾಳೆಯೂ ತೆರೆದಿರುತ್ತದೆ. ಅಲ್ಲಿ ನಡೆದ ಕ್ರಮವನ್ನು ಇಲ್ಲಿ ತನ್ನಿ. ನಿಮ್ಮ ತಾಲೂಕಿನ ಸಮುದಾಯದವರೇ ಇಬ್ಬರನ್ನು ಕರೆಸಿ, ಉದಾಹರಣೆಗೆ ಅಂತ ಎದುರು ನಿಲ್ಲಿಸಬೇಡಿ, ಅವರೇ ಪಾಠ ಹೇಳಲಿ.

ತಾರೀಕು ಗೊತ್ತಾದರೆ ತಿಳಿಸಿ, ನಾನೂ ಬರುತ್ತೇನೆ. ಡಾಕ್ಟರಿಗೆ ಕೊಡುವಷ್ಟೇ ಗೌರವಧನ ಅವರಿಗೂ, ಜೊತೆಗೆ ಬಸ್ ಚಾರ್ಜು, ಬಜೆಟ್ಟಿನಲ್ಲಿ ಈಗಲೇ ಬರೆಸಿಡಿ. ಆಮೇಲೆ ಕೇಳಿದರೆ ಬಜೆಟ್ಟಿನಲ್ಲಿ ಇದಕ್ಕೆ ಲೆಕ್ಕಶೀರ್ಷಿಕೆ ಇಲ್ಲ ಅನ್ನುತ್ತಾರೆ.