ಮಿಕ್ಸರ್ ಹಿಂದೆ ನಿಂತವನಿಗೆ ಕಂಡ ವ್ಯಾಪಾರ

ಶಿರಸಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ಜೆರ್ರಿ ಹಾರ್ವೆ ಎಂಬ ಅಮೆರಿಕದ ಉದ್ಯಮಿಯ ಬಗ್ಗೆ ನಾವು ಹಾಕಿದ ಲೇಖನ ಅವರಿಗೆ ಹಿಡಿಸಿಲ್ಲ. ಅವರು ಕೇಳುವುದು ಇಷ್ಟು: "ವೇದಿಕೆಯಲ್ಲಿ ತಮ್ಮ ದನಿ ತಮಗೆ ಕೇಳಲೆಂದು ಹಾಡುಗಾರರು ಕಿವಿಗೆ ಸಿಕ್ಕಿಸಿಕೊಳ್ಳುವ ಇನ್-ಇಯರ್ ಮಾನಿಟರ್ ಈ ಮನುಷ್ಯನಿಗಿಂತ ಮೊದಲೇ ಇತ್ತು. ಒಳಗಿನ ಬಿಡಿಭಾಗ ಬೇರೆಯವರದು. ಒಂದು ಕಂಪನಿ ಕಟ್ಟಿದ, ಅದಕ್ಕೇ ಎದುರಾಳಿಯಾಗಿ ಇನ್ನೊಂದು ಕಟ್ಟಿದ, ಮೊದಲನೆಯದು ಇನ್ನೊಬ್ಬರ ಪಾಲಾಯಿತು. ಹೊಸದೇನೂ ಕಂಡುಹಿಡಿಯದ ವ್ಯಾಪಾರಿಗೆ ಇಷ್ಟು ಪುಟ ಯಾಕೆ?"

ಉತ್ತರ:

ಸ್ವಾಮಿ, ನಿಮ್ಮ ಪತ್ರವನ್ನು ಖುಷಿಯಿಂದ ಓದಿದೆ. ಇಷ್ಟು ವಿವರ ಹುಡುಕಿ ಜಗಳಕ್ಕೆ ಬರುವ ಓದುಗರು ಸಿಗುವುದು ಕಡಿಮೆ. ಮೊದಲ ಮಾತು ಒಪ್ಪಿದೆ. ಹಾರ್ವೆಗಿಂತ ಮೊದಲೇ ಸ್ಟೀಫನ್ ಆಂಬ್ರೋಸ್ ಇಂಥ ಇಯರ್‌ಫೋನ್ ಮಾಡಿ ಸ್ಟೀವಿ ವಂಡರ್ ಅವರಂಥ ಕಲಾವಿದರಿಗೆ ಕೊಟ್ಟಿದ್ದರು. 1980ರ ದಶಕದಲ್ಲಿ ಇದೇ ಕೆಲಸದಲ್ಲಿ ಮಾರ್ಟಿ ಗಾರ್ಸಿಯಾ ಇದ್ದರು. ಶಿಕಾಗೊದಲ್ಲಿ ಮೈಕಲ್ ಸಾಂಟುಚಿ ಎಂಬ ಕಿವಿ ತಜ್ಞರು ಸಂಗೀತಗಾರರಿಗಾಗಿಯೇ ಸೆನ್ಸಫೋನಿಕ್ಸ್ ಕಂಪನಿ ಶುರು ಮಾಡಿದ್ದರು. ಮೊದಲಿಗನ ಪಟ್ಟ ಹಾರ್ವೆಯದಲ್ಲ, ಸರಿ.

ಆದರೆ ಮೊದಲಿಗನಿಗೆ ಮಾತ್ರ ಗೌರವ ಅನ್ನುವ ಲೆಕ್ಕ ನನಗೆ ಯಾವತ್ತೂ ಒಗ್ಗಿಲ್ಲ.

ಹಾರ್ವೆ ಯಾರು ಅಂತ ಒಮ್ಮೆ ನೋಡಿ. ವೇದಿಕೆಯ ಪಕ್ಕದಲ್ಲಿ, ಜನರ ಕಣ್ಣಿಗೆ ಬೀಳದ ಮೂಲೆಯಲ್ಲಿ ನಿಂತು ಕೆಲಸ ಮಾಡುವ ಮಾನಿಟರ್ ಎಂಜಿನಿಯರ್. ಪ್ರೇಕ್ಷಕರಿಗೆ ಕೇಳುವ ಸದ್ದನ್ನು ಒಬ್ಬ ನೋಡಿಕೊಂಡರೆ, ವೇದಿಕೆ ಮೇಲಿರುವ ಕಲಾವಿದನಿಗೆ ತನ್ನ ದನಿ, ತನ್ನ ವಾದ್ಯ ಕೇಳುವ ಹಾಗೆ ನೋಡಿಕೊಳ್ಳುವವನು ಇವನು. ಚೆನ್ನಾಗಿ ಮಾಡಿದರೆ ಯಾರಿಗೂ ಗೊತ್ತಾಗದ ಕೆಲಸ. ಕೆಟ್ಟರೆ ಎಲ್ಲರೆದುರು ಬೈಗುಳ. ಆಗೆಲ್ಲ ಕಲಾವಿದನ ಕಾಲ ಬಳಿ ಓರೆಯಾಗಿ ಇಟ್ಟ ಮಾನಿಟರ್ ಬಾಕ್ಸುಗಳೇ ಗತಿ. ಗಿಟಾರಿನವನು ಜೋರು ಮಾಡುತ್ತಾನೆ, ಡ್ರಮ್ಮಿನವನಿಗೆ ಹಾಡು ಕೇಳುವುದಿಲ್ಲ, ಅವನ ಬಾಕ್ಸನ್ನೂ ಏರಿಸಬೇಕು, ಆಗ ಹಾಡುವವನಿಗೆ ತನ್ನ ದನಿಯೇ ಸಿಗುವುದಿಲ್ಲ, ಅವನದನ್ನೂ ಏರಿಸು ಅನ್ನುತ್ತಾನೆ, ಕೊನೆಗೆ ಬಾಕ್ಸಿನ ಸದ್ದು ಮೈಕಿಗೇ ನುಗ್ಗಿ ಕುಂಯ್ ಅಂತ ಫೀಡ್‌ಬ್ಯಾಕ್. ನಮ್ಮ ಊರಿನ ಆರ್ಕೆಸ್ಟ್ರಾಗಳಲ್ಲೂ ಇದೇ ಕಥೆ ಅಲ್ವಾ?

1995ರಲ್ಲಿ ಹಾರ್ವೆ ವ್ಯಾನ್ ಹೇಲನ್ ರಾಕ್ ತಂಡದ ಜೊತೆ ತಿರುಗಾಟದಲ್ಲಿದ್ದರು. ಡ್ರಮ್ ಬಾರಿಸುವ ಅಲೆಕ್ಸ್ ವ್ಯಾನ್ ಹೇಲನ್‌ಗೆ ಈ ಸದ್ದಿನಿಂದ ಕಿವಿ ಸೋತಿತ್ತು. ಆಗ ಸಿಗುತ್ತಿದ್ದ ಇಯರ್‌ಫೋನುಗಳು ಹಿಡಿಸಲಿಲ್ಲ. ಇದಕ್ಕಿಂತ ಒಳ್ಳೆಯದು ಬೇಕು ಅಂದರು. ಹಾರ್ವೆ ಹುಡುಕಲು ಹೊರಟರು.

ಅವರು ಕೈ ಹಾಕಿದ್ದು ಹಿಯರಿಂಗ್ ಏಡ್, ಅಂದರೆ ನಮ್ಮ ಅಜ್ಜಂದಿರ ಕಿವಿ ಮಷೀನಿನ ಲೋಕಕ್ಕೆ. ಅದರೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಸ್ಪೀಕರ್ ಇರುತ್ತದೆ. ಬ್ಯಾಲೆನ್ಸ್ಡ್ ಆರ್ಮೇಚರ್ ಅನ್ನುತ್ತಾರೆ. ಆಯಸ್ಕಾಂತಗಳ ನಡುವೆ ಒಂದು ಸಣ್ಣ ಲೋಹದ ಪಟ್ಟಿ ಅಲುಗಿ ಸದ್ದು ಹುಟ್ಟಿಸುತ್ತದೆ. ಮಾತು ಕೇಳಿಸಲು ಒಂದು ಸಾಕು. ಸಂಗೀತಕ್ಕೆ ಸಾಲದು, ತಗ್ಗಿನ ಸ್ವರವೂ ಮೇಲಿನ ಸ್ವರವೂ ಒಂದರಿಂದಲೇ ಚೆನ್ನಾಗಿ ಬರುವುದು ಕಷ್ಟ. ಹಾರ್ವೆ ಎರಡು ಹಾಕಿದರು. ಒಂದು ತಗ್ಗಿಗೆ, ಒಂದು ಮೇಲಕ್ಕೆ, ನಡುವೆ ಸದ್ದನ್ನು ಪಾಲು ಮಾಡುವ ಕ್ರಾಸ್‌ಓವರ್. ದೊಡ್ಡ ಸ್ಪೀಕರ್ ಪೆಟ್ಟಿಗೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಉಪಾಯವೇ. ಅದನ್ನು ಕಿವಿಯ ತೂತಿಗೆ ಇಳಿಸಬೇಕು ಅನ್ನಿಸಿದ್ದು ಸ್ಪೀಕರ್ ಪೆಟ್ಟಿಗೆಗಳ ನಡುವೆಯೇ ಬದುಕಿದವನಿಗೆ.

ಹಾಗೆ ಹುಟ್ಟಿದ್ದು ಅಲ್ಟಿಮೇಟ್ ಇಯರ್ಸ್ ಕಂಪನಿ. ಆರಂಭದ ವರ್ಷಗಳಲ್ಲಿ ಅವರಿಗೆ ಮಾಡಿಕೊಟ್ಟಿದ್ದು ಕೊಲೊರಾಡೊದ ವೆಸ್ಟೋನ್, ಕಿವಿ ಮಷೀನಿಗೆ ಅಚ್ಚು ತಯಾರಿಸುತ್ತಿದ್ದ ಹಳೆಯ ಕಂಪನಿ. ಬಿಡಿಭಾಗ ಬೇರೆಯವರದು ಅಂತ ನೀವು ಬರೆದಿರುವುದು ಇದನ್ನೇ ಇರಬೇಕು. ಅದರಲ್ಲಿ ತಪ್ಪೇನಿದೆ? ಕಿವಿ ತಜ್ಞರ ಹತ್ತಿರ ಕೈಚಳಕ ಇತ್ತು, ಸಂಗೀತಗಾರರ ಹತ್ತಿರ ನೋವು ಇತ್ತು. ಇಬ್ಬರನ್ನೂ ಬಲ್ಲವರು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಬಲ್ಲವರು ತೀರಾ ಕಡಿಮೆ. ಅಂಥವರು ಸಿಕ್ಕಾಗಲೇ ನಿಜವಾದ ಉದ್ಯಮ ಹುಟ್ಟುವುದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಈ ವ್ಯಾಪಾರ ಸುಲಭದ್ದೂ ಅಲ್ಲ. ಕಿವಿಯೊಳಗೆ ಮೊದಲು ಸಣ್ಣ ಸ್ಪಂಜಿನ ತಡೆ ಇಟ್ಟು, ಸಿಲಿಕೋನ್ ತುಂಬಿ, ಗಟ್ಟಿಯಾದ ಮೇಲೆ ಅಚ್ಚು ತೆಗೆಯುತ್ತಾರೆ. ಒಬ್ಬರ ಅಚ್ಚು ಇನ್ನೊಬ್ಬರಿಗೆ ಆಗುವುದಿಲ್ಲ, ಎಡಕಿವಿಯದು ಬಲಕಿವಿಗೂ ಆಗುವುದಿಲ್ಲ. ಸ್ವಲ್ಪ ಸಡಿಲವಾದರೆ ತಗ್ಗಿನ ಸ್ವರವೆಲ್ಲ ಸೋರಿಹೋಗುತ್ತದೆ. ಬಿಗಿಯಾದರೆ ಕಿವಿ ನೋವು. ಮಾಡಿಟ್ಟು ಅಂಗಡಿಯಲ್ಲಿ ಜೋಡಿಸುವ ಮಾಲಲ್ಲ ಇದು, ಗಿರಾಕಿ ಬೇಡ ಅಂದರೆ ಮತ್ತೊಬ್ಬರಿಗೆ ಮಾರಲೂ ಬರುವುದಿಲ್ಲ. ಮೊದಮೊದಲು ಕೊಳ್ಳುವವರು ವೇದಿಕೆಯ ಕಲಾವಿದರು ಮಾತ್ರ. 2001ರಲ್ಲಿ ಐಪಾಡ್ ಬಂತು, ಜೇಬಿಗೆ ಸಾವಿರ ಹಾಡು ಬಂದವು, ಆಮೇಲೆ ಸಾಮಾನ್ಯ ಜನರೂ ಒಳ್ಳೆಯ ಇಯರ್‌ಫೋನ್ ಹುಡುಕತೊಡಗಿದರು. 2008ರಲ್ಲಿ, ಕಂಪ್ಯೂಟರಿನ ಮೌಸ್, ಕೀಬೋರ್ಡ್ ಮಾಡುವ ಲಾಜಿಟೆಕ್ ಕಂಪನಿ 3.4 ಕೋಟಿ ಡಾಲರ್ ಕೊಟ್ಟು ಅಲ್ಟಿಮೇಟ್ ಇಯರ್ಸನ್ನು ಕೊಂಡಿತು. ಇವತ್ತು ಆ ಹೆಸರು ಹೇಳಿದರೆ ಜಾಸ್ತಿ ಜನರಿಗೆ ನೆನಪಾಗುವುದು ಬ್ಲೂಟೂತ್ ಸ್ಪೀಕರ್.

ಇನ್ನು ಎರಡನೇ ಕಂಪನಿಯ ವಿಷಯ. ನೀವು ಅದನ್ನು ದ್ರೋಹ ಅನ್ನುವ ಧಾಟಿಯಲ್ಲಿ ಬರೆದಿದ್ದೀರಿ. ನನಗೆ ಅತಿ ಹೆಚ್ಚು ಇಷ್ಟವಾಗಿದ್ದೇ ಅದು. ಹಾರ್ವೆ ಸುಮ್ನೆ ಕೂರಬಹುದಿತ್ತು. ಲಾಜಿಟೆಕ್ ಕೊಳ್ಳುವ ಮೊದಲೇ, 2007ರಲ್ಲಿ, ಫ್ಲಾರಿಡಾದ ಒರ್ಲಾಂಡೊದಲ್ಲಿ ಜೆಎಚ್ ಆಡಿಯೋ ಅಂತ ಶುರು ಮಾಡಿ ಮತ್ತೆ ಅದೇ ಕೆಲಸಕ್ಕೆ ಕೂತರು. ಎರಡು ಸ್ಪೀಕರಿನಿಂದ ಶುರುವಾದದ್ದು ಅವರ ರಾಕ್ಸಾನ್ ಎಂಬ ಮಾದರಿಯಲ್ಲಿ ಒಂದೊಂದು ಕಿವಿಗೆ 12 ಸ್ಪೀಕರ್ ಆಯಿತು. ತಗ್ಗಿಗೆ 4, ನಡುವಿಗೆ 4, ಮೇಲಕ್ಕೆ 4. ಸ್ಪೀಕರ್ ಜಾಸ್ತಿಯಾದಷ್ಟೂ ಒಂದೊಂದರ ಸದ್ದು ಕಿವಿಗೆ ಒಂದೊಂದು ಹೊತ್ತಿಗೆ ತಲುಪುವ ತೊಂದರೆ ಇದೆ. ಒಳಗಿನ ಕೊಳವೆಗಳ ಉದ್ದ ಹೊಂದಿಸಿ ಎಲ್ಲವೂ ಒಟ್ಟಿಗೆ ತಲುಪುವಂತೆ ಮಾಡಲು ಅವರು ಪಟ್ಟ ಪಾಡು ಹಣದಾಸೆಯೊಂದರಿಂದ ಆಗುವಂಥದ್ದಲ್ಲ. ಒಂದು ಕಂಪನಿ ಕಟ್ಟಿದ ಮೇಲೂ ಮತ್ತೆ ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿಯುವವನಿಗೆ ಆ ಕೆಲಸದ ಮೇಲೆ ಎಷ್ಟು ಪ್ರೀತಿ ಇರಬೇಕು!

ನಿಮ್ಮ ಪತ್ರದಲ್ಲಿ ನನಗೆ ಬೇಸರ ತಂದದ್ದು ಒಂದೇ ಸಾಲು. "ಇದು ರಾಕ್ ಸಂಗೀತದವರ ಶೋಕಿ" ಅಂದಿದ್ದೀರಿ. ಹಾಗೆನ್ನಬೇಡಿ. ಅಮೆರಿಕದ ಕೆಲಸಗಾರರ ಸುರಕ್ಷತೆಯ ಸಂಶೋಧನಾ ಸಂಸ್ಥೆ ಹೇಳುವ ಪ್ರಕಾರ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿದಾಗ ಹೊತ್ತು ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಬಂದರೆ 15 ನಿಮಿಷ, ಅಷ್ಟೇ. ಜೋರಾದ ವೇದಿಕೆಯಲ್ಲಿ ಬಾಕ್ಸಿನ ಮುಂದೆ ರಾತ್ರಿಯಿಡೀ ನಿಲ್ಲುವವನ ಗತಿ ಏನು? ಕಿವಿಗೆ ಸರಿಯಾಗಿ ಕೂತ ಇನ್-ಇಯರ್ ಹೊರಗಿನ ಸದ್ದನ್ನು ತಡೆಯುತ್ತದೆ, ಹಾಗಾಗಿ ಒಳಗೆ ಮೆಲ್ಲಗೆ ಕೇಳಿದರೂ ಸಾಕಾಗುತ್ತದೆ. ಅದನ್ನೂ ಏರಿಸಿ ಕೇಳಿದರೆ ಉಪಯೋಗ ಇಲ್ಲ, ಅದು ಬಳಸುವವರ ವಿವೇಕ.

ನನಗೆ ಪರಿಚಯದ ಒಬ್ಬ ರಿದಂ ಪ್ಯಾಡ್ ಕಲಾವಿದರಿದ್ದಾರೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಬಿಡುವಿಲ್ಲದೆ ನುಡಿಸಿದವರು. ಈಗ ಫೋನಿನಲ್ಲಿ ಮಾತಾಡಿದರೆ ಪ್ರತಿ ಮಾತನ್ನೂ ಎರಡು ಸಲ ಹೇಳಬೇಕು. ಕಿವಿಯೊಳಗೆ ಸದಾ ಜೀರುಂಡೆ ಸದ್ದು ಅನ್ನುತ್ತಾರೆ. ಅವರ ಪ್ರಾಯದ ಎಷ್ಟೋ ಕಲಾವಿದರದು ಇದೇ ಪಾಡು. ಚಂಡೆಯ ಪಕ್ಕ ರಾತ್ರಿಗಟ್ಟಲೆ ಕೂತ ಹಿಮ್ಮೇಳದವರನ್ನೂ ಕೇಳಿ ನೋಡಿ.

ನನ್ನ ಸಂಕಟ ಇಲ್ಲೇ ಇರುವುದು. ಮೈಸೂರಿನಲ್ಲಿ 1960ರ ದಶಕದಿಂದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಕಿವಿಯ ಅಚ್ಚು ತೆಗೆಯುವ ವಿದ್ಯೆ ಅಲ್ಲಿ ಎಷ್ಟೋ ತಲೆಮಾರಿನ ಮಕ್ಕಳು ಕಲಿತು ಹೊರಬಂದಿದ್ದಾರೆ. ಇನ್ನೊಂದು ಕಡೆ ಊರೂರಿಗೆ ಆರ್ಕೆಸ್ಟ್ರಾ, ಮೇಳ, ನಾಟಕ ಕಂಪನಿ. ವಿದ್ಯೆಯೂ ಇದೆ, ನೋವೂ ಇದೆ. ನಡುವೆ ಓಡಾಡುವ ಹಾರ್ವೆಗಳಿಗೆ ನಾವು ಏನು ಮಾಡಿದ್ದೇವೆ? ಮೈಕ್ ಸೆಟ್ಟಿನವನನ್ನು ಸನ್ಮಾನಕ್ಕೆ ಕರೆಯುವುದಿಲ್ಲ. ವಂದನಾರ್ಪಣೆಯಲ್ಲಿ ಅವನ ಹೆಸರು ಕೊನೆಗೆ, ಜನ ಎದ್ದು ಚಪ್ಪಲಿ ಹುಡುಕುವಾಗ. ಎಂಜಿನಿಯರಿಂಗ್ ಮುಗಿಸಿದ ಹುಡುಗ "ಸೌಂಡ್ ಕೆಲಸಕ್ಕೆ ಹೋಗ್ತೀನಿ" ಅಂದರೆ ಮನೆಯಲ್ಲಿ ಹೆಣ್ಣು ಸಿಗಲ್ಲ ಅನ್ನುವ ಮಾತು. ಪತ್ರಿಕೆಗಳು ಉದ್ಯಮಿ ಅಂದರೆ ಎಷ್ಟು ಕೋಟಿ ಬಂಡವಾಳ ಎತ್ತಿದ ಅಂತ ಬರೆಯುತ್ತವೆ, ಯಾರ ಕಷ್ಟ ತಗ್ಗಿಸಿದ ಅಂತ ಕೇಳುವುದಿಲ್ಲ. ಕಾಲೇಜು ಬಿಡುವ ಮೊದಲೇ ಕಂಪನಿ ಕಟ್ಟಿ ಮಾರುವ ಕನಸು. ಹತ್ತು ವರ್ಷ ಒಂದು ಕಸುಬಿನಲ್ಲಿ ಬೆವರು ಸುರಿಸಿ, ಅದರ ಕೊರತೆ ಕಂಡುಕೊಂಡು, ಆಮೇಲೆ ಅಂಗಡಿ ತೆರೆದವರ ಕಥೆಗೆ ಜಾಗ ಇಲ್ಲ.

ಅದಕ್ಕೇ ಆ ಪುಟಗಳನ್ನು ಕೊಟ್ಟೆ, ಮುಂದೆಯೂ ಕೊಡುತ್ತೇನೆ. ನೀವು ಒಂದು ಉಪಕಾರ ಮಾಡಿ. ನಿಮ್ಮ ಸೀಮೆಯಲ್ಲಿ ಯಕ್ಷಗಾನಕ್ಕೆ, ಜಾತ್ರೆಗೆ ಮೈಕ್ ಸೆಟ್ ಹಾಕುವ ಹಳಬರು ಇರುತ್ತಾರೆ. ಅವರ ಜೊತೆ ಒಂದು ಸಂಜೆ ಕೂತು, ಯಾವ ಸಾಮಾನನ್ನು ತಾವೇ ಬಿಚ್ಚಿ ಬದಲಾಯಿಸಿಕೊಂಡಿದ್ದಾರೆ, ಯಾಕೆ ಬದಲಾಯಿಸಿದರು ಅಂತ ಕೇಳಿ, ಬರೆದು ಕಳಿಸಿ. ಪುಟಗಳ ಮಿತಿ ಹಾಕುವುದಿಲ್ಲ.

— ಸಂಪಾದಕ