ಕೇಳಿ, ಹೇಳುತ್ತೇವೆ: ಶಾಲೆಯಲ್ಲಿ ಸಂಗೀತ ಪಾಠ

ಪ್ರಶ್ನೆ: ಸರ್ಕಾರಿ ಶಾಲೆಯ ಐದನೇ ತರಗತಿ, 42 ಮಕ್ಕಳು. ವಾರಕ್ಕೆ ಒಂದೇ ಪೀರಿಯಡ್, 40 ನಿಮಿಷ. ನಾನು ಒಂದು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂನ ಮೊದಲ ಬಿಳಿ ಮನೆಯನ್ನು ಆಧಾರ ಸ್ವರವಾಗಿಟ್ಟು) ಹಾಡುವವನು. ಜೊತೆಗೆ ಹಾಡಿಸಿದರೆ ಅರ್ಧ ಮಕ್ಕಳು ಗೊಣಗುತ್ತಾರೆ, ಉಳಿದವರು ಕಿರುಚುತ್ತಾರೆ. ಎರಡು ತಿಂಗಳಾದರೂ ಮೊದಲ ಸ್ವರಪಾಠವಾದ ಸರಳೆ ವರಸೆ ಮುಗಿದಿಲ್ಲ. ಏನು ಮಾಡಲಿ?
– ಶಿಕ್ಷಕರು, ಹಾಸನ ಜಿಲ್ಲೆ

ಉತ್ತರ: ಶ್ರುತಿಯಲ್ಲೇ ತೊಡಕಿದೆ ಸರ್. ಒಂದು ಮನೆ ನಿಮ್ಮ ಗಂಟಲಿಗೆ ಹೊಂದಿದ್ದು. ಹತ್ತು ವರ್ಷದ ಮಗುವಿನ ದನಿ ನಿಮಗಿಂತ ಹೆಚ್ಚುಕಮ್ಮಿ ಒಂದು ಸ್ಥಾಯಿ (ಒಂದು ‘ಸ’ದಿಂದ ಮೇಲಿನ ‘ಸ’ದವರೆಗಿನ ಅಂತರ) ಮೇಲಿರುತ್ತದೆ. ನೀವು ಷಡ್ಜ, ಅಂದರೆ ‘ಸ’, ಹಿಡಿದಾಗ ಕೆಲವರು ನಿಮ್ಮ ಸ್ಥಾಯಿಗೇ ಇಳಿಯಲು ಹೋಗಿ ದನಿ ಸಿಗದೆ ಗೊಣಗುತ್ತಾರೆ. ಇನ್ನು ಕೆಲವರು ಮೇಲಿನ ಸ್ಥಾಯಿ ಹಿಡಿದು, ತಾರ ಷಡ್ಜ (ಮೇಲಿನ ‘ಸ’) ಬರುವ ಹೊತ್ತಿಗೆ ಕಿರುಚುತ್ತಾರೆ. ಸ್ಥಾಯಿ ಬದಲಾದರೂ ಸ್ವರ ಅದೇ ಎಂಬುದು ಎಳೆಯ ಕಿವಿಗೆ ತಾನಾಗಿ ಹೊಳೆಯುವುದಿಲ್ಲ.

ತಂಬೂರ ಆ್ಯಪನ್ನು 5½ ಮನೆಗೆ ಇಡಿ. ಧಾರವಾಡದ ಕಡೆ ಕಾಳಿ ನಾಲ್ಕು (ನಾಲ್ಕನೇ ಕಪ್ಪು ಮನೆ) ಅನ್ನುತ್ತಾರಲ್ಲ, ಅದು. ಎಲ್ಲರಿಂದಲೂ ಅಕಾರದಲ್ಲಿ (‘ಆ’ ಎಂದು) ಮಧ್ಯ ಷಡ್ಜದಿಂದ ತಾರ ಷಡ್ಜದವರೆಗೆ ನಿಧಾನವಾಗಿ ಹಾಡಿಸಿ. ಕೆಳಗಿನ ಷಡ್ಜದಲ್ಲಿ ದನಿ ಇಲ್ಲದೆ ಬರೀ ಉಸಿರು ಕೇಳಿಸಿದರೆ ಅರ್ಧ ಮನೆ ಏರಿಸಿ. ಮೇಲಿನ ಷಡ್ಜಕ್ಕೆ ಗದ್ದ ಮೇಲಕ್ಕೆತ್ತಿ, ಕತ್ತಿನ ನರ ಉಬ್ಬಿಸಿದರೆ ಅರ್ಧ ಮನೆ ಇಳಿಸಿ. ಐದರಿಂದ ಆರು ಮನೆಯೊಳಗೆ ನಿಮ್ಮ ತರಗತಿಯ ಶ್ರುತಿ ಸಿಕ್ಕೇ ಸಿಗುತ್ತದೆ. ಸಿಕ್ಕ ಮೇಲೆ ವರ್ಷವಿಡೀ ಅದನ್ನೇ ಇಟ್ಟುಕೊಳ್ಳಿ.

ಆ ಶ್ರುತಿ ನಿಮಗೆ ಕಷ್ಟವಾಗುತ್ತದೆ, ನಿಜ. ಶ್ರುತಿ ಚೆನ್ನಾಗಿ ಹಿಡಿಯುವ ಮೂರು ಮಕ್ಕಳನ್ನು ಆರಿಸಿ ಒಂದೊಂದು ಸಾಲನ್ನು ಮೊದಲು ಅವರಿಗೆ ಹೇಳಿಕೊಡಿ, ತರಗತಿ ಅವರ ದನಿ ಕೇಳಿ ಹಾಡಲಿ. ಮಕ್ಕಳು ಮಕ್ಕಳ ದನಿಯನ್ನು ಬೇಗ ಹಿಡಿಯುತ್ತಾರೆ.

ಇನ್ನು ಸರಳೆ. ವಾರಕ್ಕೆ 40 ನಿಮಿಷದಲ್ಲಿ ಸರಳೆ, ಜಂಟಿ, ಅಲಂಕಾರ ಎಂದು ಗುರುಕುಲದ ಕ್ರಮ ಹಿಡಿದರೆ ಮಕ್ಕಳಿಗೆ ವರ್ಷದ ಕೊನೆಗೂ ಒಂದು ಹಾಡು ಬರುವುದಿಲ್ಲ. ಹಾಡು ಬಾರದ ತರಗತಿಗೆ ಸಂಗೀತದ ಮೇಲೆ ಆಸೆಯೂ ಉಳಿಯುವುದಿಲ್ಲ. ಮೊದಲ 5 ನಿಮಿಷ ಸುಮ್ಮನೆ ಶ್ರುತಿ ಕೇಳಿ ಷಡ್ಜ, ಪಂಚಮ ಹಿಡಿಯಲಿ. 10 ನಿಮಿಷ ಸ್ವರ, 20 ನಿಮಿಷ ಹಾಡು. ಉಳಿದ 5 ನಿಮಿಷದಲ್ಲಿ ನಾಲ್ಕು ನಾಲ್ಕು ಮಕ್ಕಳು ಎದ್ದು ಹಾಡಲಿ. 42 ಜನರ ಗುಂಪಿನಲ್ಲಿ ಯಾರ ಸ್ವರ ಜಾರುತ್ತಿದೆ ಎಂಬುದು ಗೊತ್ತಾಗುವುದು ಆಗಲೇ. ಹಾಡಿನ ಸಾಲನ್ನು ಎರಡು ಸಲ ಕೇಳಿಸಿ, ಮೂರನೆಯ ಸಲ ಹಾಡಿಸಿ. ಮೊದಲ ಸಲವೇ ಜೊತೆಗೆ ಹಾಡಲು ಬಿಟ್ಟರೆ ತಪ್ಪೇ ಬಾಯಿಗೆ ಬಂದು ಕೂರುತ್ತದೆ.

ಸ್ವರಪಾಠವನ್ನು ಮೋಹನ ರಾಗದಿಂದ ಶುರುಮಾಡಬಹುದು. ಸ ರಿ ಗ ಪ ದ, ಐದೇ ಸ್ವರ, ಅಕ್ಕಪಕ್ಕದಲ್ಲಿ ಅರ್ಧ ಮನೆಯ ಅಂತರ ಎಲ್ಲೂ ಇಲ್ಲ. ಆಮೇಲೆ ಮಾಯಾಮಾಳವಗೌಳ ರಾಗಕ್ಕೆ ಬನ್ನಿ. ಅಲ್ಲಿ ಮಕ್ಕಳು ಎಡವುವುದು ರಿಷಭದಲ್ಲಿ (‘ರಿ’): ಷಡ್ಜಕ್ಕೆ ಅಂಟಿಕೊಂಡಂತಿರುವ ಶುದ್ಧ ರಿಷಭ ಮೇಲಕ್ಕೆ ಜಾರಿ, ಅರ್ಧ ಮನೆ ಮೇಲಿನ ಚತುಶ್ರುತಿ ರಿಷಭವಾಗಿಬಿಡುತ್ತದೆ. ‘ಸ ರಿ ಸ’ ಅಷ್ಟನ್ನೇ ಹತ್ತು ಸಲ ಹಾಡಿಸಿ. ಸ ರಿ ಗ ಮ ಸರಿಹೋದರೆ ಪ ದ ನಿ ಸ ತಾನಾಗಿ ಸರಿಹೋಗುತ್ತದೆ, ಏಕೆಂದರೆ ಎರಡರಲ್ಲೂ ಅಂತರ ಒಂದೇ: ಅರ್ಧ ಮನೆ, ಒಂದೂವರೆ ಮನೆ, ಅರ್ಧ ಮನೆ. ಆರಂಭದ ಪಾಠವಾದ ಪುರಂದರದಾಸರ ಪಿಳ್ಳಾರಿ ಗೀತೆಗಳ ಮಲಹರಿ ರಾಗಕ್ಕೂ ಇವೇ ರಿಷಭ, ಧೈವತ (‘ದ’).

ಪ್ರಶ್ನೆ: ನಮ್ಮ ಹುಡುಗನಿಗೆ ‘ನಿನಗೆ ಸ್ವರ ಬರೋದಿಲ್ಲ, ಬರೀ ಬಾಯಿ ಆಡಿಸು’ ಎಂದಿದ್ದಾರಂತೆ. ಕಲಿಸಿದರೆ ಬರುತ್ತದೆಯೇ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಬಹುತೇಕ ಮಕ್ಕಳಿಗೆ ಬರುತ್ತದಮ್ಮ. ಮಗುವಿಗೆ ಯಾರೂ ಹೇಳಬಾರದ ಮಾತು ಅದು. ಮಗುವನ್ನು ನಿಮ್ಮ ಷಡ್ಜಕ್ಕೆ ಕರೆಯುವ ಮೊದಲು ನೀವೇ ಅವನ ಸ್ವರಕ್ಕೆ ಹೋಗಿ. ಅವನು ಬಾಯಿ ಮುಚ್ಚಿ ‘ಮ್‌’ ಎಂದು ಯಾವ ಸ್ವರ ಹಿಡಿದರೂ ನೀವು ಅದನ್ನೇ ಹಿಡಿಯಿರಿ. ಎರಡು ದನಿ ಕೂಡಿದಾಗಿನ ಅನುಭವ ಅವನಿಗೆ ಆಗಬೇಕು. ಅಲ್ಲಿಂದ ಇಬ್ಬರೂ ಸೇರಿ ಅರ್ಧರ್ಧ ಮನೆ ಜರುಗುತ್ತಾ ಶಾಲೆಯ ಶ್ರುತಿಗೆ ಬನ್ನಿ. ದಿನಕ್ಕೆ ಐದು ನಿಮಿಷ ಸಾಕು. ತರಗತಿಯಲ್ಲಿ ಅವನನ್ನು ಕೊನೆಯ ಸಾಲಿಗೆ ತಳ್ಳದೆ, ಶ್ರುತಿ ಗಟ್ಟಿಯಿರುವ ಇಬ್ಬರ ನಡುವೆ ಕೂರಿಸಲು ಹೇಳಿ.

ಪ್ರಶ್ನೆ: ಎಂಟನೇ ತರಗತಿಯ ಹುಡುಗರ ದನಿ ಒಡೆಯುತ್ತಿದೆ. ಹಾಡು ನಿಲ್ಲಿಸಬೇಕೆ?
– ಸಂಗೀತ ಶಿಕ್ಷಕಿ, ಮೈಸೂರು

ಉತ್ತರ: ನಿಲ್ಲಿಸಬೇಡಿ, ಶ್ರುತಿ ಇಳಿಸಿ. ಧ್ವನಿಪೆಟ್ಟಿಗೆ ಬೆಳೆದು ಧ್ವನಿತಂತುಗಳು ಉದ್ದವಾಗುವ ಕಾಲ ಇದು. ಕೊನೆಗೆ ದನಿ ಸುಮಾರು ಒಂದು ಸ್ಥಾಯಿ ಕೆಳಗಿಳಿದು ನಿಲ್ಲುತ್ತದೆ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಒಬ್ಬೊಬ್ಬರ ದನಿ ನೋಡಿ. ಸುಲಭವಾಗಿ ಬರುವ ಐದಾರು ಸ್ವರಗಳ ಒಳಗೇ ಹಾಡಿಸಿ, ತಾರ ಸ್ಥಾಯಿ ಬೇಡ. ಗುಂಪುಗಾಯನದಲ್ಲಿ ಆಧಾರ ಷಡ್ಜ ಹಿಡಿಯುವ ಕೆಲಸ, ಕೊನ್ನಕ್ಕೋಲು (ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು), ಖಂಜಿರ ಕೊಡಿ. ಕ್ರೀಡಾಕೂಟದಲ್ಲಿ ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳುವುದೇ ಹೆಚ್ಚು, ಅದನ್ನು ಮೊದಲೇ ಹೇಳಿ. ಗಂಟಲು ಕಟ್ಟಿದ್ದು ಮೂರು ವಾರವಾದರೂ ಬಿಡದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲಿ.

ಪ್ರಶ್ನೆ: ಪ್ರಾರ್ಥನೆಯ ಹೊತ್ತಿಗೆ ನಾಡಗೀತೆ ಓಡುತ್ತದೆ, ರಾಷ್ಟ್ರಗೀತೆ ಕೊನೆಗೆ ಕಿರುಚಾಟವಾಗುತ್ತದೆ.
– ಮುಖ್ಯ ಶಿಕ್ಷಕರು, ಗದಗ

ಉತ್ತರ: ಎರಡಕ್ಕೂ ಬೇರೆ ಬೇರೆ ಕಾರಣ. ರಾಷ್ಟ್ರಗೀತೆಯ ‘ಜಯ ಹೇ’ ತಾರ ಷಡ್ಜಕ್ಕೆ ಏರುತ್ತದೆ. ಮೈದಾನದಲ್ಲಿ ಶ್ರುತಿಯಿಲ್ಲದೆ, ದೂರಕ್ಕೆ ಕೇಳಲೆಂದು ಯಾರೋ ಎತ್ತರದಲ್ಲಿ ಎತ್ತಿಕೊಂಡರೆ ಅಲ್ಲಿ ಕಿರುಚದೆ ವಿಧಿಯಿಲ್ಲ. ಶುರುವಾಗುವ ಮುನ್ನ ಮೈಕ್‌ಗೆ ಹತ್ತು ಸೆಕೆಂಡು ಶ್ರುತಿ ಹಿಡಿಯಿರಿ. ಎತ್ತಿಕೊಡುವ ಮಗು ಅದನ್ನು ಕೇಳಿ, ಒಮ್ಮೆ ‘ಮ್‌’ ಎಂದು ಹಿಡಿದು, ಆಮೇಲೆ ಶುರುಮಾಡಲಿ.

ನಾಡಗೀತೆಯ ಓಟ ಶುರುವಾಗುವುದು ಸಾಲಿನ ಕೊನೆಯಲ್ಲಿ. ಎಳೆದು ನಿಲ್ಲಿಸಬೇಕಾದ ಸ್ವರವನ್ನು ಕತ್ತರಿಸಿ ಮುಂದಿನ ಸಾಲಿಗೆ ಹಾರುತ್ತಾರೆ. ಆದಿತಾಳ ಹಾಕಿಸಿದರೂ ಅಷ್ಟೇ: ಚಪ್ಪಾಳೆಯ ಘಾತ ಸರಿಯಿರುತ್ತದೆ, ಸದ್ದಿಲ್ಲದ ಬೆರಳೆಣಿಕೆ, ಕೈ ತಿರುವುವ ವಿಸರ್ಜಿತ ಚಿಕ್ಕದಾಗುತ್ತವೆ. ತಾಲೀಮಿನಲ್ಲಿ ಅರ್ಧ ಮಕ್ಕಳು ಹಾಡಲಿ, ಇನ್ನರ್ಧ ಮಕ್ಕಳು ಎಳೆತದ ಜಾಗಗಳಲ್ಲಿ ‘ತ ಕ ದಿ ಮಿ’ ಎಂದು ಬಾಯಲ್ಲಿ ಹೇಳಲಿ. ಆಮೇಲೆ ಗುಂಪು ಅದಲು ಬದಲು. ಚಪ್ಪಾಳೆಯನ್ನು ಎರಡೇ ಬೆರಳಲ್ಲಿ ತಟ್ಟಿಸಿ, ಇಲ್ಲದಿದ್ದರೆ ಆ ಸದ್ದಿಗೆ ಹಾಡೇ ಕೇಳುವುದಿಲ್ಲ. ಕೊನೆಗೆ ಗಡಿಯಾರ ಹಿಡಿಯಿರಿ: ರಾಷ್ಟ್ರಗೀತೆ 52 ಸೆಕೆಂಡು, ನಾಡಗೀತೆಗೆ 2022ರ ಸರ್ಕಾರಿ ಆದೇಶದಂತೆ 2 ನಿಮಿಷ 30 ಸೆಕೆಂಡು, ಮೈಸೂರು ಅನಂತಸ್ವಾಮಿಯವರ ಧಾಟಿ.

ಪ್ರಶ್ನೆ: ದಾನಿಗಳ ಹಣ ಬಂದಿದೆ. ಹಾರ್ಮೋನಿಯಂ ಕೊಳ್ಳುವುದೋ, ಕೀಬೋರ್ಡೋ?
– ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ತುಮಕೂರು

ಉತ್ತರ: ಮೊದಲು ಒಳ್ಳೆಯ ಬ್ಲೂಟೂತ್ ಸ್ಪೀಕರ್. ಮೊಬೈಲ್‌ನ ಪುಟ್ಟ ಸ್ಪೀಕರ್‌ನಲ್ಲಿ ತಂಬೂರದ ಮಂದ್ರ ದನಿ ಸರಿಯಾಗಿ ಹೊಮ್ಮುವುದಿಲ್ಲ, ಹಿಂದಿನ ಸಾಲಿಗೆ ಶ್ರುತಿಯೇ ತಲುಪುವುದಿಲ್ಲ. ಹಣ ಉಳಿದರೆ ಹಾರ್ಮೋನಿಯಂ. ಹಾಡಿನುದ್ದಕ್ಕೂ ನುಡಿಸಬೇಡಿ, ಅದರಲ್ಲಿ ಗಮಕ ಬರದು, ಮಕ್ಕಳೂ ತಮ್ಮ ದನಿ ತಾವು ಕೇಳಿಸಿಕೊಳ್ಳುವುದಿಲ್ಲ. ಎತ್ತುಗಡೆಯ ಸ್ವರ ಕೊಟ್ಟು ಕೈ ತೆಗೆಯಿರಿ.